ಉಸಿರಿನ ಕಾವಲು

ಕಡೂರಿನ ಕಣಗಳಲ್ಲಿ ರಾಗಿಯನ್ನು ಒಕ್ಕಿ ತೂರುವಾಗ ಏಳುವ ಹೊಟ್ಟು, ತರೀಕೆರೆಯ ತೋಟಗಳ ಬದಿಯಲ್ಲಿ ಅಡಿಕೆ ಬೇಯಿಸುವ ಒಲೆಗಳ ಹೊಗೆ, ಅಜ್ಜಂಪುರದ ಎರೆಹೊಲಗಳಲ್ಲಿ ಈರುಳ್ಳಿ ಕಿತ್ತು ಹರಡುವಾಗ ಹಾರುವ ಧೂಳು—ಇವೆಲ್ಲವೂ ದುಡಿಯುವವರ ಉಸಿರಿನೊಡನೆ ಎದೆಯೊಳಕ್ಕೆ ಇಳಿಯತಕ್ಕವು. ದಿನವೊಂದಕ್ಕೆ ಸುಮಾರು 10,000 ಲೀಟರ್ ಗಾಳಿಯನ್ನು ಸೆಳೆದುಕೊಳ್ಳುವ ಶ್ವಾಸಕೋಶಗಳು, ಇಷ್ಟು ಧೂಳನ್ನೂ ಅದರೊಡನೆ ಬರುವ ರೋಗಾಣುಗಳನ್ನೂ ಎದುರಿಸಿ ವರ್ಷಾನುವರ್ಷ ಸ್ವಸ್ಥವಾಗಿರುವುದಕ್ಕೆ, ನಮ್ಮ ಅರಿವಿಗೆ ಬಾರದೆ ಹಗಲಿರುಳೂ ನಡೆಯುವ ರಕ್ಷಣಕಾರ್ಯವೇ ಕಾರಣ.

ದಪ್ಪ ಕಣಗಳು ಮೂಗಿನ ರೋಮಗಳಲ್ಲಿಯೂ ತೇವದಲ್ಲಿಯೂ ಸಿಲುಕುತ್ತವೆ. ಮೂಗನ್ನು ದಾಟಿದವು ಶ್ವಾಸನಾಳದ ಒಳಗೋಡೆಯ ಲೋಳೆಗೆ ಅಂಟುತ್ತವೆ. ಗಾಳಿಗೆ ತೊನೆಯುವ ರಾಗಿಯ ಪೈರಿನಂತೆ ಸಾಲುಸಾಲಾಗಿ ಬಾಗಿ ಏಳುವ ಸೂಕ್ಷ್ಮ ರೋಮಕಗಳು, ಸೆಕೆಂಡಿಗೆ ಸುಮಾರು 10ರಿಂದ 20 ಬಾರಿ ಬೀಸಿ, ಆ ಲೋಳೆಯನ್ನು ಗಂಟಲಿನ ಕಡೆಗೆ ಸಾಗಿಸುತ್ತವೆ. ಸಂಜೆ ಕಣದಿಂದ ಮರಳಿದ ರೈತನು ಕೆಮ್ಮಿ ಉಗುಳುವ ಮಸಕು ಕಫವು ಈ ದುಡಿಮೆಯ ಫಲವೇ ಆಗಿದೆ.

ಈ ಹೊರಗಾವಲನ್ನು ತಪ್ಪಿಸಿಕೊಂಡ ಅತಿಸೂಕ್ಷ್ಮ ಕಣಗಳು ಕೋಟ್ಯಂತರ ಗಾಳಿಗೂಡುಗಳನ್ನು ಸೇರಿದಾಗ, ಅಲ್ಲಿ ಸಂಚರಿಸುವ ಭಕ್ಷಕಕೋಶಗಳು ಅವನ್ನು ನುಂಗಿಬಿಡುತ್ತವೆ. ರೋಗಾಣುಗಳು ಪ್ರಬಲವಾದರೆ ರಕ್ತದಿಂದ ಬಿಳಿಯ ಕಣಗಳು ನೆರವಿಗೆ ಧಾವಿಸುತ್ತವೆ; ಆದರೆ ಆ ಹೋರಾಟವು ಮಿತಿಮೀರಿದಲ್ಲಿ ಗೂಡುಗಳಲ್ಲಿ ದ್ರವ ತುಂಬಿ ಉಸಿರಿಗೇ ಸಂಚಕಾರವಾದೀತು. ಆದುದರಿಂದ ಸಾಮಾನ್ಯ ಧೂಳನ್ನು ಸದ್ದಿಲ್ಲದೆ ತೆಗೆದು, ನಿಜವಾದ ಅಪಾಯಕ್ಕೆ ಮಾತ್ರ ಕೆರಳುವ ಸಂಯಮವೇ ಇಲ್ಲಿನ ಪರಮ ಗುಣ.

ಭಕ್ಷಕಕೋಶದ ಒಡಲಿನಲ್ಲಿಯೇ ಬದುಕಬಲ್ಲ ಕ್ಷಯರೋಗಾಣುವನ್ನು ಕೂಡ, ಇತರ ಕೋಶಗಳು ಸುತ್ತುಗಟ್ಟಿ ಬಂಧಿಸುತ್ತವೆ. ಅದು ಸೋಂಕಿದ 10 ಮಂದಿಯಲ್ಲಿ ಸುಮಾರು 9 ಮಂದಿಗೆ ರೋಗವು ಜೀವಮಾನದಲ್ಲಿ ತಲೆದೋರದು. ಅಪೌಷ್ಟಿಕತೆ, ಸಕ್ಕರೆ ಕಾಯಿಲೆ, ತಂಬಾಕು ಇವು ಆ ಕೋಟೆಯನ್ನು ಸಡಿಲಿಸುತ್ತವೆ. 1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು, ಕೆಮ್ಮಿನಿಂದ ನರಳುವ ಹಳ್ಳಿಗರಲ್ಲಿ ಅನೇಕರು ತಾವಾಗಿಯೇ ಹತ್ತಿರದ ಆಸ್ಪತ್ರೆಗೆ ಬರುವರೆಂದೂ, ಅಲ್ಲಿಯೇ ಕಫವನ್ನು ಪರೀಕ್ಷಿಸಿ ರೋಗವನ್ನು ಪತ್ತೆಹಚ್ಚಬಹುದೆಂದೂ ತೋರಿಸಿಕೊಟ್ಟರು.

ಬೀಡಿಯ ಹೊಗೆಯು ರೋಮಕಗಳನ್ನು ಕುಗ್ಗಿಸುತ್ತದೆ. ಕಿಟಕಿಯಿಲ್ಲದ ಅಡುಗೆಮನೆಯ ಸೌದೆಯ ಹೊಗೆಯು ಹೆಂಗಸರ, ಮಕ್ಕಳ ಶ್ವಾಸಕೋಶಗಳನ್ನು ದುರ್ಬಲಗೊಳಿಸುತ್ತದೆ. ಒಕ್ಕುವಾಗ ಮೂಗುಬಾಯಿಗೆ ವಸ್ತ್ರ ಕಟ್ಟುವುದು, ಒಲೆಯ ಹೊಗೆಗೆ ದಾರಿ ಮಾಡುವುದು, ಕೂಸಿಗೆ ಬಿ.ಸಿ.ಜಿ. ಲಸಿಕೆ ಹಾಕಿಸುವುದು, ಕೆಮ್ಮು ಎರಡು ವಾರ ಮೀರಿದರೆ ಸರ್ಕಾರಿ ಆರೋಗ್ಯಕೇಂದ್ರದಲ್ಲಿ ಉಚಿತವಾಗಿ ಕಫಪರೀಕ್ಷೆ ಮಾಡಿಸುವುದು—ಇಷ್ಟನ್ನು ನಾವು ನಡೆಸಿದಲ್ಲಿ, ಉಳಿದುದನ್ನು ನಡೆಸುವ ಶಕ್ತಿ ದೇಹಕ್ಕೆ ಧಾರಾಳವಾಗಿ ಉಂಟು.