ಮೂರನೇ ಕಂತಿಗೆ ಕಾದವರು

ಇನ್ನೇನು ಹೆಲಿಕಾಪ್ಟರ್ ಹತ್ತಿ ಹೊರಡಬೇಕು, ಅಷ್ಟರಲ್ಲಿ ದೈತ್ಯ ಹುಳುಗಳಂಥ ಎರಡು ಜೀವಿಗಳು ಹ್ಯಾಂಗರಿಗೆ ನುಗ್ಗುತ್ತವೆ. ಆಟವಾಡುವವರು ಇದನ್ನೆಲ್ಲ ಗಾರ್ಡನ್ ಫ್ರೀಮನ್ ಎಂಬ ಭೌತವಿಜ್ಞಾನಿಯ ಕಣ್ಣಿನಿಂದ ನೋಡುತ್ತಿರುತ್ತಾರೆ. ಕಾಣದ ಶಕ್ತಿಯೊಂದು ಗಾರ್ಡನ್‌ನನ್ನು ಗೋಡೆಗೆ ಒತ್ತಿ ಹಿಡಿದಿದೆ. ಯಾವ ಕೀ ಒತ್ತಿದರೂ ಕೈಕಾಲು ಆಡುವುದಿಲ್ಲ. ಅವನ ಹಿರಿಯ ಸಹೋದ್ಯೋಗಿ ಎಲೈ ವ್ಯಾನ್ಸ್‌ನನ್ನು ಅವುಗಳಲ್ಲೊಂದು ಕಣ್ಣೆದುರೇ ಕೊಲ್ಲುತ್ತದೆ. ಮಗಳು ಅಲಿಕ್ಸ್ ತಂದೆಯ ಶವ ತಬ್ಬಿಕೊಂಡು ಅಳುತ್ತಿರುವಾಗಲೇ ಪರದೆ ಕಪ್ಪಾಗುತ್ತದೆ. 2007ರ ಅಕ್ಟೋಬರ್ 10ರಂದು ಬಿಡುಗಡೆಯಾದ ‘ಹಾಫ್-ಲೈಫ್ 2: ಎಪಿಸೋಡ್ ಟು’ ಎಂಬ ವಿಡಿಯೊ ಗೇಮ್ ಮುಗಿಯುವುದು ಹೀಗೆ.

ಅಲ್ಲಿಂದ ಮುಂದಕ್ಕೆ ಹನ್ನೆರಡು ವರ್ಷ ಅಭಿಮಾನಿಗಳಿಗೆ ಸಿಕ್ಕಿದ್ದು ಬರೀ ಮೌನ. ವಾರಪತ್ರಿಕೆಯ ಧಾರಾವಾಹಿಯೊಂದು ಕೊಲೆಯ ಹೊತ್ತಿಗೆ ಸರಿಯಾಗಿ ನಿಂತು, ಮುಂದಿನ ವಾರ ಆ ಪುಟವೇ ಇಲ್ಲದೆ ಪತ್ರಿಕೆ ಮನೆಗೆ ಬಂದರೆ ಹೇಗಾಗಬಹುದೋ ಹಾಗಾಯಿತು ಅವರಿಗೆ. ಇದರಲ್ಲಿ ಇನ್ನೊಂದು ನೋವೂ ಇದೆ. ಕಂತುಗಳಾಗಿ ಕಥೆ ಹೇಳುವ ಯೋಜನೆ ಹುಟ್ಟಿದ್ದೇ ಕಾಯುವಿಕೆಯನ್ನು ಕಡಿಮೆ ಮಾಡಲು. 1998ರಲ್ಲಿ ಮೊದಲ ‘ಹಾಫ್-ಲೈಫ್’ ಬಂದಿತ್ತು, ಎರಡನೆಯದು ಬರಲು 2004ರ ನವೆಂಬರ್ ಆಯಿತು. ಮತ್ತೆ ಅಷ್ಟು ವರ್ಷ ಕಾಯಿಸುವುದು ಬೇಡವೆಂದು ಆಟ ತಯಾರಿಸಿದ ವಾಲ್ವ್ ಕಂಪನಿ ಸಣ್ಣ ಸಣ್ಣ ಕಂತುಗಳ ದಾರಿ ಹಿಡಿಯಿತು. ಮೊದಲ ಕಂತು 2006ರಲ್ಲಿ ಬಂತು, ಎರಡನೆಯದು 2007ರಲ್ಲಿ. ಮೂರನೆಯದು ಅದೇ ವರ್ಷದ ಕ್ರಿಸ್‌ಮಸ್ ಹೊತ್ತಿಗೆ ಎಂದು ಮೊದಲು ಹೇಳಿದ್ದರು. ಅದು ಇವತ್ತಿಗೂ ಬಂದಿಲ್ಲ.

ಒಂದು ಆಟಕ್ಕಾಗಿ ಇಷ್ಟೊಂದು ಹಂಬಲವೇಕೆ ಎಂದು ಕೇಳುವವರಿಗೆ ಮೊದಲ ‘ಹಾಫ್-ಲೈಫ್’ನ ಆರಂಭವನ್ನು ತೋರಿಸಬೇಕು. ಬಂದೂಕಿಲ್ಲ, ಶತ್ರುಗಳಿಲ್ಲ. ಬ್ಲ್ಯಾಕ್ ಮೆಸಾ ಎಂಬ ಸಂಶೋಧನಾ ಕೇಂದ್ರದ ಒಳಗೆ, ಟ್ರಾಮ್ ಡಬ್ಬಿಯೊಂದರಲ್ಲಿ ನಿಂತು ನಾವು ಕೆಲಸಕ್ಕೆ ಹೋಗುತ್ತಿರುತ್ತೇವೆ. ಕಿಟಕಿಯಾಚೆ ಯಂತ್ರಗಳು, ಬಾಗಿಲು ತಟ್ಟುತ್ತ ನಿಂತ ಕಾವಲುಗಾರ, ದೂರದಲ್ಲಿ ಬ್ರೀಫ್‌ಕೇಸ್ ಹಿಡಿದ ಸೂಟುಧಾರಿ. ಆ ಕಾಲದ ಆಟಗಳು ಕಥೆ ಹೇಳಬೇಕಾದಾಗ ಆಟವನ್ನು ನಿಲ್ಲಿಸಿ ಸಿನಿಮಾ ತುಣುಕು ತೋರಿಸುತ್ತಿದ್ದವು. ಇಲ್ಲಿ ಆಟ ಎಲ್ಲಿಯೂ ನಿಲ್ಲುವುದಿಲ್ಲ, ನಾಯಕನ ಕಣ್ಣಿನಿಂದ ನಮ್ಮನ್ನು ಯಾರೂ ಆಚೆ ತಳ್ಳುವುದಿಲ್ಲ. ಕಥೆ ಸುತ್ತಮುತ್ತ ನಡೆಯುತ್ತಿರುತ್ತದೆ. ಗಮನಿಸುವುದು, ಬಿಡುವುದು ನಮಗೆ ಸೇರಿದ್ದು.

ನಮ್ಮ ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳ ಸೈಬರ್ ಕೆಫೆಗಳಲ್ಲಿ, ಎಂಜಿನಿಯರಿಂಗ್ ಹಾಸ್ಟೆಲ್‌ಗಳ ಲ್ಯಾನ್‌ನಲ್ಲಿ ರಾತ್ರಿಯಿಡೀ ‘ಕೌಂಟರ್-ಸ್ಟ್ರೈಕ್’ ಆಡಿದ ತಲೆಮಾರಿಗೂ ಈ ಮನೆತನದ ನಂಟಿದೆ. ಕೌಂಟರ್-ಸ್ಟ್ರೈಕ್ ಹುಟ್ಟಿದ್ದು 1999ರಲ್ಲಿ, ‘ಹಾಫ್-ಲೈಫ್’ ಆಟವನ್ನೇ ತಿದ್ದಿ ಇಬ್ಬರು ಹವ್ಯಾಸಿಗಳು ಮಾಡಿದ ಮಾಡ್ ಆಗಿ. ಎಷ್ಟೋ ಹುಡುಗರು ಮೂಲ ಆಟದ ಗಂಧವೇ ಇಲ್ಲದೆ ಅದರ ಅಂಗಳದಲ್ಲಿ ಬೆಳೆದರು.

ಕಾದವರು ಸುಮ್ಮನೆ ಕೂರಲಿಲ್ಲ. 2011ರಲ್ಲಿ ಇಬ್ಬರು ಅಭಿಮಾನಿಗಳು ಫಲಕ ಹಿಡಿದು ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿರುವ ವಾಲ್ವ್ ಕಚೇರಿಯ ಮುಂದೆ ನಿಂತರು. ಕಂಪನಿಯ ಮುಖ್ಯಸ್ಥ ಗೇಬ್ ನ್ಯೂವೆಲ್ ಅವರೇ ಕೆಳಗಿಳಿದು ಬಂದು ಮಾತನಾಡಿಸಿದರು. 2012ರ ಫೆಬ್ರುವರಿಯಲ್ಲಿ ಒಂದು ದಿನ ಗೊತ್ತುಮಾಡಿಕೊಂಡು, 13 ಸಾವಿರಕ್ಕೂ ಹೆಚ್ಚು ಮಂದಿ ಏಕಕಾಲಕ್ಕೆ ‘ಹಾಫ್-ಲೈಫ್ 2’ ಆಡಿದರು. ಆಟ ತನ್ನಿ ಎಂಬ ಹಟ ಅದಲ್ಲ. ಏನಾಗುತ್ತಿದೆ ಎಂದು ಒಂದು ಮಾತು ಹೇಳಿ ಎಂಬುದಷ್ಟೇ ಅವರ ಬೇಡಿಕೆ. ಇನ್ನು ಕೆಲವರು ಮೊದಲ ಆಟವನ್ನೇ ಅಡಿಪಾಯದಿಂದ ಹೊಸದಾಗಿ ಕಟ್ಟಲು ಕೂತರು. ಸಂಬಳವಿಲ್ಲದೆ ಆರಂಭವಾದ ಆ ‘ಬ್ಲ್ಯಾಕ್ ಮೆಸಾ’ದ ಮೊದಲ ಭಾಗ 2012ರಲ್ಲಿ ಬಂತು, ಪೂರ್ತಿಯಾದದ್ದು 2020ರ ಮಾರ್ಚ್‌ನಲ್ಲಿ. ಈ ಇಡೀ ಅಧ್ಯಾಯದಲ್ಲಿ ನನಗೆ ಅತ್ಯಂತ ಗೌರವವಿರುವುದು ಇವರ ಮೇಲೆ.

2017ರ ಆಗಸ್ಟ್‌ನಲ್ಲಿ ಆಸೆಯ ಬಾಗಿಲು ಮುಚ್ಚಿದಂತೆಯೇ ಆಯಿತು. ಸರಣಿಯ ಕಥೆಗಾರ ಮಾರ್ಕ್ ಲೇಡ್ಲಾ ಅದರ ಹಿಂದಿನ ವರ್ಷವಷ್ಟೇ ವಾಲ್ವ್ ಬಿಟ್ಟಿದ್ದರು. ಪಾತ್ರಗಳ ಹೆಸರು ಬದಲಿಸಿ, ಗಂಡನ್ನು ಹೆಣ್ಣಾಗಿಸಿ, ಮೂರನೇ ಕಂತಿನ ಕಥೆಯಂತಿರುವ ಪತ್ರವೊಂದನ್ನು ಅವರು ಪ್ರಕಟಿಸಿದರು. ಓದಿದವರಿಗೆಲ್ಲ ಅದು ಯಾರ ಕಥೆ ಎಂದು ಗೊತ್ತಾಯಿತು. ಪ್ರಕಟಿಸಬಾರದಿತ್ತು ಎಂದು ಅವರೇ ಮುಂದೊಮ್ಮೆ ಪಶ್ಚಾತ್ತಾಪಪಟ್ಟರು. ಆದರೆ ಅಭಿಮಾನಿಗಳ ಮಟ್ಟಿಗೆ, ಹತ್ತು ವರ್ಷಗಳಲ್ಲಿ ಯಾರಾದರೂ ಅವರಿಗೆ ನೇರವಾಗಿ ಕೊಟ್ಟ ಉತ್ತರವೆಂದರೆ ಅದೊಂದೇ.

ಒಳಗೆ ನಡೆದದ್ದೇನು ಎಂದು ಗೊತ್ತಾಗಲು 2024ರ ನವೆಂಬರ್ ಬರಬೇಕಾಯಿತು. ‘ಹಾಫ್-ಲೈಫ್ 2’ಕ್ಕೆ ಇಪ್ಪತ್ತು ತುಂಬಿದ ಸಂದರ್ಭದಲ್ಲಿ ವಾಲ್ವ್ ತಾನೇ ಒಂದು ಸಾಕ್ಷ್ಯಚಿತ್ರ ಹೊರತಂದಿತು. ಮೂರನೇ ಕಂತಿನ ಕೆಲಸ ಶುರುವಾಗಿದ್ದು ನಿಜ, ಮಂಜುಗಡ್ಡೆ ಉಗುಳುವ ಬಂದೂಕೊಂದರ ಮಾದರಿಯೂ ತಯಾರಾಗಿತ್ತು. ಆಮೇಲೆ ತಂಡದವರು ಇನ್ನೊಂದು ಆಟ ಮುಗಿಸಿಕೊಡಲು ಹೋದರು. ಮರಳಿ ಬರುವ ಹೊತ್ತಿಗೆ ಕಾಲ ಮೀರಿತು ಎನಿಸಿತ್ತು. ಕಥೆ ಮುಂದುವರಿಯಬೇಕು ಎಂಬ ಒಂದೇ ಕಾರಣಕ್ಕೆ ಕಂತು ತರುವುದು ಆಟಗಾರರ ಬಗೆಗಿನ ಹೊಣೆಯಿಂದ ನುಣುಚಿಕೊಂಡಂತೆ ಎಂಬುದು ನ್ಯೂವೆಲ್ ಅವರ ವಾದ. ನಾನು ಆ ವಾದವನ್ನು ಒಪ್ಪುತ್ತೇನೆ. ಆದರೆ ಇದೇ ಮಾತನ್ನು 2010ರಲ್ಲಿ ಹೇಳಬಹುದಿತ್ತಲ್ಲ? ತಡವಾದದ್ದರ ಬಗ್ಗೆ ನನಗೆ ತಕರಾರಿಲ್ಲ. ಬರುತ್ತದೋ ಇಲ್ಲವೋ ಎಂದು ತಿಳಿಸದೆ ಜನರ ಆಸೆಯನ್ನು ಅಷ್ಟು ವರ್ಷ ಎಳೆದಾಡಿದ್ದಕ್ಕೆ ಮಾತ್ರ ಈಗಲೂ ಸಿಟ್ಟಿದೆ.

ಆ ಸಾಕ್ಷ್ಯಚಿತ್ರಕ್ಕೂ ಐದು ವರ್ಷ ಮೊದಲೇ, ಅಂತೂ 2019ರ ನವೆಂಬರ್‌ನಲ್ಲಿ ಘೋಷಣೆ ಬಂತು: ‘ಹಾಫ್-ಲೈಫ್: ಅಲಿಕ್ಸ್’. ಬಹುಕಾಲ ಬಯಸಿದ್ದ ಮೂರನೇ ಭಾಗವಲ್ಲ, ಎರಡನೇ ಭಾಗಕ್ಕೂ ಐದು ವರ್ಷ ಹಿಂದಿನ ಕಥೆ. ಅದಕ್ಕಿಂತ ದೊಡ್ಡ ಆಘಾತವೆಂದರೆ ಅದನ್ನು ವರ್ಚುವಲ್ ರಿಯಾಲಿಟಿಯಲ್ಲಿ (ವಿಆರ್), ಅಂದರೆ ಕಣ್ಣಿಗೆ ಹೆಡ್‌ಸೆಟ್ ಕಟ್ಟಿಕೊಂಡು ಮಾತ್ರ ಆಡಲು ಸಾಧ್ಯ. ವಾಲ್ವ್‌ನದೇ ‘ಇಂಡೆಕ್ಸ್’ ಹೆಡ್‌ಸೆಟ್ಟಿನ ಪೂರ್ತಿ ಕಿಟ್ 999 ಡಾಲರ್, ಆಗಿನ ಲೆಕ್ಕದಲ್ಲಿ ಸುಮಾರು 70 ಸಾವಿರ ರೂಪಾಯಿ. ಶಕ್ತಿಶಾಲಿ ಕಂಪ್ಯೂಟರಿನ ಖರ್ಚು ಬೇರೆ. ಭಾರತದಲ್ಲಿ ಅದು ಅಧಿಕೃತವಾಗಿ ಮಾರಾಟಕ್ಕೇ ಇರಲಿಲ್ಲ. ಸಂತೋಷ, ಸಂಕಟ ಎರಡೂ ಒಟ್ಟಿಗೇ ಬಂದವು. ಹದಿನೈದರ ವಯಸ್ಸಿನಲ್ಲಿ ಎಲೈ ಸಾಯುವುದನ್ನು ನೋಡಿದ್ದ ಹುಡುಗ ಈಗ ಮನೆ ಸಾಲದ ಕಂತು ಕಟ್ಟುತ್ತಿದ್ದ. ಆಟ ಬಿಡುಗಡೆಯಾದದ್ದು 2020ರ ಮಾರ್ಚ್ 23ಕ್ಕೆ. ಎರಡೇ ದಿನಕ್ಕೆ ನಮ್ಮಲ್ಲಿ ದೇಶವ್ಯಾಪಿ ಲಾಕ್‌ಡೌನ್. ನಮ್ಮ ಕಡೆಯ ಹೆಚ್ಚಿನ ಅಭಿಮಾನಿಗಳು ಆ ಆಟವನ್ನು ಯೂಟ್ಯೂಬಿನಲ್ಲಿ ಬೇರೆಯವರು ಆಡುವುದನ್ನು ನೋಡಿಯೇ ಮುಗಿಸಿದರು.

ಹಾಗಿದ್ದರೂ ವಿಆರ್ ಆಯ್ಕೆ ತಪ್ಪಾಗಿತ್ತು ಎಂದು ನನಗೆ ಅನಿಸುವುದಿಲ್ಲ. ಏಳನೇ ಅಧ್ಯಾಯವನ್ನೇ ನೋಡಿ. ಅದರ ಹೆಸರು ‘ಜೆಫ್’. ಪಾಳುಬಿದ್ದ ವೋಡ್ಕಾ ಕಾರ್ಖಾನೆಯಲ್ಲಿ ಕಣ್ಣಿಲ್ಲದ, ಆದರೆ ಸಣ್ಣ ಸದ್ದಿಗೂ ಎರಗುವ ಭಯಾನಕ ಜೀವಿಯೊಂದು ಓಡಾಡುತ್ತಿರುತ್ತದೆ. ಕಪಾಟಿನ ಬಾಗಿಲು ತೆರೆದರೆ ಬಾಟಲಿ ಉರುಳುತ್ತದೆ, ನೆಲ ಮುಟ್ಟುವ ಮೊದಲು ನಾವೇ ಕೈಚಾಚಿ ಹಿಡಿಯಬೇಕು. ಆ ಜೀವಿಯ ಸುತ್ತ ಹಾರುವ ಬೀಜಕಣಗಳಿಂದ ಅಲಿಕ್ಸ್‌ಗೆ ಕೆಮ್ಮು ಬರುತ್ತದೆ. ಕೆಮ್ಮಿದರೆ ಕಥೆ ಮುಗಿಯಿತು. ಹಾಗಾಗಿ ಆಡುವವರು ತಮ್ಮ ನಿಜವಾದ ಕೈಯನ್ನು ಎತ್ತಿ ಬಾಯಿಗೆ ಅಡ್ಡ ಹಿಡಿದುಕೊಳ್ಳಬೇಕು. ಒಂದು ಕೈ ಬಾಯಿಗೆ ಹೋಯಿತು, ಉಳಿದದ್ದು ಒಂದೇ ಕೈ. ಬಾಗಿಲು ತೆರೆಯುವುದೂ ಬಾಟಲಿ ಹಿಡಿಯುವುದೂ ಅದರಲ್ಲೇ. ಮೌಸಿನ ಒಂದು ಗುಂಡಿ ಒತ್ತಿ ಈ ಭಯ ಹುಟ್ಟಿಸಲಾಗದು. ಸರಣಿಯ ಗುರುತೇ ಆಗಿದ್ದ ಹಾರೆಕೋಲು ಈ ಆಟದಲ್ಲಿ ಆಡುವವರ ಆಯುಧವಾಗಿ ಇಲ್ಲ. ತಯಾರಿಕೆಯ ಹಂತದಲ್ಲಿ ಅದನ್ನು ಹಿಡಿದು ಆಡಿ ನೋಡಿದವರು ಬಾಗಿಲು, ಗೋಡೆಗಳಿಗೆ ಸಿಕ್ಕಿಸಿಕೊಂಡು ತೊಳಲಾಡಿದರು, ತಾವು ಗಾರ್ಡನ್ ಎಂದೇ ಭಾವಿಸಿದರು. ಅದಕ್ಕೆ ತೆಗೆದುಬಿಟ್ಟರು. ಇಂಥ ಶಿಸ್ತು ನನಗೆ ಇಷ್ಟ. ಆರಂಭದ ದೃಶ್ಯದ ಗಾಜಿನ ಮೇಲೆ ಬರೆಯಲು ಮಾರ್ಕರ್ ಪೆನ್ನುಗಳನ್ನೂ ಇಟ್ಟಿದ್ದಾರೆ. ಶಾಲೆ ಮುಚ್ಚಿದ್ದ ಆ ದಿನಗಳಲ್ಲಿ ಸ್ಯಾನ್ ಡಿಯಾಗೋದ ಗಣಿತದ ಮೇಷ್ಟ್ರೊಬ್ಬರು ಅದೇ ಗಾಜಿನ ಮೇಲೆ ಕೋನಗಳ ಪಾಠ ಮಾಡಿ ಮಕ್ಕಳಿಗೆ ಕಳಿಸಿದರು.

ಇನ್ನು ಮುಕ್ತಾಯ. ಗೊತ್ತಿಲ್ಲದವರು ಈ ಪ್ಯಾರಾ ಬಿಟ್ಟು ಮುಂದೆ ಹೋಗಬಹುದು. ಸೂಟುಧಾರಿ ಜಿ-ಮ್ಯಾನ್, ಅಲಿಕ್ಸ್‌ಗೆ ಮುಂದೆ ನಡೆಯಲಿರುವ ತಂದೆಯ ಸಾವನ್ನು ತೋರಿಸುತ್ತಾನೆ. ಅದೇ ಹ್ಯಾಂಗರ್, ಅದೇ ಕ್ಷಣ. ಅಂದು ಕೈಕಾಲು ಕಟ್ಟಿಹಾಕಿದಂತೆ ನೋಡುತ್ತ ನಿಂತಿದ್ದ ಆಟಗಾರರಿಗೆ ಈಗ ಕೈಗಳಿವೆ. ಚಾಚಿ ಆ ಜೀವಿಯನ್ನು ಕೊಲ್ಲುತ್ತಾರೆ, ಎಲೈ ಬದುಕುತ್ತಾನೆ. ಅದಕ್ಕೆ ಬೆಲೆಯಾಗಿ ಜಿ-ಮ್ಯಾನ್ ಅಲಿಕ್ಸ್‌ಳನ್ನೇ ಒಯ್ಯುತ್ತಾನೆ. ಹನ್ನೆರಡೂವರೆ ವರ್ಷದಲ್ಲಿ ಕಥೆ ಮುಂದೆ ಸರಿದದ್ದು ಕೆಲವೇ ನಿಮಿಷ. ಆದರೆ ಅಭಿಮಾನಿಗಳ ಎದೆಯಲ್ಲಿ ಅಷ್ಟು ಕಾಲ ಕುಳಿತಿದ್ದ ಅಸಹಾಯಕತೆಯನ್ನೇ ವಸ್ತುವಾಗಿಸಿಕೊಂಡು, ಅದನ್ನು ಅವರ ಕೈಯಿಂದಲೇ ತಿದ್ದಿಸಿದ್ದು ದೊಡ್ಡ ಕಲೆಗಾರರ ಕೆಲಸ. ಹೆಡ್‌ಸೆಟ್ ಇಲ್ಲದವರಿಗೆ ದಕ್ಕದೆ ಹೋದದ್ದೂ ಇದೇ. ನೋಡುವುದಕ್ಕೂ ಮಾಡುವುದಕ್ಕೂ ಇಲ್ಲಿರುವಷ್ಟು ಅಂತರವನ್ನು ಬೇರೆ ಆಟದಲ್ಲಿ ನಾನು ಕಂಡಿಲ್ಲ.

ಆ ಕೊರತೆಯನ್ನು ತುಂಬಲು ಮತ್ತೆ ಮುಂದಾದವರು ಅಭಿಮಾನಿಗಳೇ. ಮೌಸ್, ಕೀಬೋರ್ಡಿನಲ್ಲೇ ‘ಅಲಿಕ್ಸ್’ ಆಡಲು ಸಾಧ್ಯವಾಗುವ ಮಾಡ್ ತಯಾರಿಸಿದರು. 2022ರಲ್ಲಿ ಇನ್ನೊಂದು ತಂಡ ಹಳೆಯ ‘ಹಾಫ್-ಲೈಫ್ 2’ವನ್ನೇ ವಿಆರ್‌ಗೆ ಒಗ್ಗಿಸಿ ಪುಕ್ಕಟೆಯಾಗಿ ಹಂಚಿತು. ಲೇಡ್ಲಾ ಅವರ ಪತ್ರದ ಕಥೆಯನ್ನು ಆಟವಾಗಿಸಲು ಮತ್ತೊಂದು ತಂಡ ಹೊರಟಿದೆ. 2025ರ ನವೆಂಬರ್‌ನಲ್ಲಿ ವಾಲ್ವ್ ‘ಸ್ಟೀಮ್ ಫ್ರೇಮ್’ ಎಂಬ ಹೊಸ ಹೆಡ್‌ಸೆಟ್ ಪ್ರಕಟಿಸಿದಾಗ ಎಲ್ಲರೂ ಹುಡುಕಿದ್ದು ‘ಹಾಫ್-ಲೈಫ್’ ಎಂಬ ಒಂದೇ ಹೆಸರನ್ನು. ಅದು ಬರಲಿಲ್ಲ. ಈಗ ಕೆಲವರು ವಾಲ್ವ್‌ನ ಬೇರೆ ಆಟಗಳಿಗೆ ಅಪ್‌ಡೇಟ್ ಬಂದಾಗಲೆಲ್ಲ ಅದರ ಕಡತಗಳನ್ನು ಬಿಚ್ಚಿ, ‘ಎಚ್‌ಎಲ್‌ಎಕ್ಸ್’ ಎಂಬ, ಮುಂದಿನ ‘ಹಾಫ್-ಲೈಫ್’ನ ಗುಪ್ತನಾಮವೆಂದು ಅವರು ನಂಬಿರುವ ಮೂರಕ್ಷರ ಎಲ್ಲಾದರೂ ಇದೆಯೇ ಎಂದು ಸಾಲುಸಾಲಾಗಿ ಸೋಸುತ್ತಿದ್ದಾರೆ. ಇಷ್ಟು ಪ್ರೀತಿಯಿಂದ ಹುಡುಕುತ್ತಿರುವವರಿಗೆ ಕಂಪನಿ ಒಂದು ಸಾಲಿನ ಪ್ರಕಟಣೆ ಕೊಡಲಿ. ಮಾಡುತ್ತಿದ್ದರೆ ಮಾಡುತ್ತಿದ್ದೇವೆ ಎನ್ನಲಿ, ಇಲ್ಲವಾದರೆ ಇಲ್ಲ ಎನ್ನಲಿ.