ಹಾಳೆ ಯಾರ ಹತ್ತಿರ ಇರಬೇಕು?

ಎರಡು ವಾರಕ್ಕೊಮ್ಮೆ ಭಾನುವಾರ ನಾವು ಐದು ಮಂದಿ ರಾಯಚೂರಿನಲ್ಲಿ ಒಂದು ಮೇಜಿನ ಸುತ್ತ ಕೂಡುತ್ತೇವೆ. ಇಬ್ಬರು ಊರಿನವರೇ. ಒಬ್ಬ ದೇವದುರ್ಗದಿಂದ, ಇಬ್ಬರು ಮಾನ್ವಿಯಿಂದ ಬಸ್ ಹಿಡಿದು ಬರುತ್ತಾರೆ. ನಾವು ಆಡುವುದು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನ್‌ಸನ್ ರೂಪಿಸಿದ ಈ ಆಟ 1974ರಲ್ಲಿ ಹೊರಬಂತು.

ಇದಕ್ಕೆ ಮೊಬೈಲ್ ಬೇಕಿಲ್ಲ. ಒಬ್ಬರು ಕಥೆ ನಡೆಸುತ್ತಾರೆ. ನಮ್ಮಲ್ಲಿ ಆ ಕೆಲಸ ನನ್ನದು. ಉಳಿದವರು ಒಂದೊಂದು ಪಾತ್ರವಾಗಿ ‘ನಾನು ಹೀಗೆ ಮಾಡುತ್ತೇನೆ’ ಎನ್ನುತ್ತಾರೆ. ಅದು ಆಗುತ್ತದೋ ಇಲ್ಲವೋ ಎಂಬುದನ್ನು 20 ಮುಖದ ದಾಳ ಹೇಳುತ್ತದೆ. ಪಾತ್ರದ ಜಾತಕವೆಲ್ಲ ಒಂದು ಹಾಳೆಯಲ್ಲಿರುತ್ತದೆ: ಶಕ್ತಿ, ಚುರುಕುತನ, ತಾಳಿಕೆ, ಬುದ್ಧಿ, ವಿವೇಕ, ವರ್ಚಸ್ಸು ಎಂಬ 6 ಗುಣಗಳ ಅಂಕ, ಉಳಿದಿರುವ ಜೀವ, ಜೇಬಿನಲ್ಲಿರುವ ಚಿನ್ನ. ಆಟ ಸಾಗಿದಂತೆ ಪೆನ್ಸಿಲ್‌ನಲ್ಲಿ ಅಳಿಸಿ ತಿದ್ದುತ್ತೇವೆ.

ಎರಡು ಆಟಗಳ ನಡುವೆ ಈ ಹಾಳೆ ಯಾರ ಬಳಿ ಇರಬೇಕು? ಒಮ್ಮೆ ದೇವದುರ್ಗದ ಗೆಳೆಯ ಅದನ್ನು ಮನೆಯಲ್ಲೇ ಬಿಟ್ಟು ಬಂದ. ನೆನಪಿನಿಂದ ಹೊಸದು ಬರೆಯುವುದರಲ್ಲೇ ಒಂದು ತಾಸು ಹೋಯಿತು. ಜೀವ 14 ಇತ್ತೋ 24 ಇತ್ತೋ ಎಂಬ ವಾದ ಬೇರೆ. ಸಂಜೆ ಬಸ್ಸಿಗೆ ಹೊರಡುವವರಿಗೆ ಆ ತಾಸು ದೊಡ್ಡದು. ‘ಎಲ್ಲಾರ ಹಾಳೆನೂ ಕಥಿ ನಡೆಸಾವನ ಹತ್ರನೇ ಇರಲಿ ಬಿಡು. ಬಯಲಾಟದಾಗ ಮಾಸ್ತರ್ ಹತ್ರ ಪ್ರತಿ ಇರಲ್ಲೇನು?’ ಎಂದ ಇನ್ನೊಬ್ಬ.

ಮಾನ್ವಿಯ ಗೆಳತಿ ಒಪ್ಪಲಿಲ್ಲ. ವಾರವಿಡೀ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಆಕೆ ರಾತ್ರಿ ಹತ್ತು ನಿಮಿಷ ಆ ಹಾಳೆ ತೆಗೆದು ನೋಡುತ್ತಾಳಂತೆ. ಹಿಂಬದಿಯಲ್ಲಿ ತನ್ನ ಪಾತ್ರದ ಊರು, ಅವ್ವ, ಹಳೆಯ ಜಗಳ ಎಲ್ಲ ಬರೆದಿದ್ದಾಳೆ. ‘ಬಯಲಾಟದ ಪಾತ್ರ ಬ್ಯಾರೆಯವರು ಬರೆದದ್ದು. ಇದು ನಾ ಬರೆದದ್ದು’ ಎಂದಳು. ಯಾರ ಬಳಿಯೂ ಉತ್ತರವಿರಲಿಲ್ಲ.

ಆಕೆಯ ಮಾತು ಆಟದಾಚೆಗೂ ಸಲ್ಲುತ್ತದೆ. ಕಾಲೇಜುಗಳು ಮೂಲ ಅಂಕಪಟ್ಟಿಗಳನ್ನು ಪರಿಶೀಲಿಸಿ ವಿದ್ಯಾರ್ಥಿಗೆ ವಾಪಸ್ ಕೊಡಬೇಕು, ನಕಲು ಮಾತ್ರ ಇಟ್ಟುಕೊಳ್ಳಬೇಕು ಎಂದು ಯುಜಿಸಿ 2018ರಲ್ಲೇ ಹೇಳಿದೆ. ದುಡಿದವರಿಗೆ ಮೂಲ ಪ್ರತಿ. ಕೆಲಸ ನಡೆಯಲು ನಕಲು ಸಾಕು.

ಈಗ ನಮ್ಮ ಮೇಜಿಗೂ ಅದೇ ನಿಯಮ. ಆಟ ಮುಗಿಸಿ ಏಳುವ ಮುನ್ನ ಹಾಳೆಯ ಮುಂಬದಿಯ ಫೋಟೊ ಗುಂಪಿಗೆ ಬರುತ್ತದೆ, ಹಾಳೆ ಆಟಗಾರರ ಚೀಲ ಸೇರುತ್ತದೆ. ಹಿಂಬದಿ ಅವರದ್ದೇ. ಯಾರಾದರೂ ಮರೆತು ಬಂದರೆ ಫೋಟೊ ನೋಡಿ ಐದು ನಿಮಿಷದಲ್ಲಿ ಆಟ ಶುರು. ಬಾರದವರ ಪಾತ್ರವನ್ನು ಅವರನ್ನು ಕೇಳದೆ ಆಡಿಸುವುದಿಲ್ಲ, ಸಾಯಿಸುವುದಂತೂ ಇಲ್ಲ.

ನಾಳೆ ಒಬ್ಬೊಬ್ಬರಿಗೆ ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಕೆಲಸ ಸಿಗಬಹುದು. ಸಿಗಲೆಂದೇ ಎಲ್ಲರೂ ಓದುತ್ತಿರುವುದು. ಆಗ ಹಾಳೆಯೂ ಅವರ ಜೊತೆ ಹೋಗುತ್ತದೆ; ಅಲ್ಲೊಂದು ಮೇಜು ಸಿಕ್ಕರೆ ಅದೇ ಪಾತ್ರವಾಗಿ ಕೂರಬಹುದು. ನೀವೂ ಇಂಥ ಆಟ ಶುರು ಮಾಡುವುದಾದರೆ ಮೂಲ ನಿಯಮಗಳು ಉಚಿತವಾಗಿಯೇ ಸಿಗುತ್ತವೆ. ಹಾಳೆ ಯಾರದು ಎಂಬ ನಿಯಮವನ್ನು ಮಾತ್ರ ಮೊದಲ ದಿನವೇ ನೀವೇ ಮಾಡಿಕೊಳ್ಳಿ.