ಕರೆಂಟ್ ಕೊಡಿಸಿದರೂ ಹೋಗದ ಸೊಂಟನೋವು

ಕಮತಗಿಯ ನೇಕಾರರಿಗೆ ಸೊಂಟನೋವು ಹೊಸದಲ್ಲ. ಕುಣಿಮಗ್ಗದೊಳಗೆ ಕಾಲು ಇಳಿಬಿಟ್ಟು ದಿನವಿಡೀ ಬಾಗಿ ಕೂತರೆ ಯಾವ ಬೆನ್ನು ತಾಳೀತು? ಕಳೆದ ಚಳಿಗಾಲದಲ್ಲಿ ನನ್ನ ದವಾಖಾನೆಗೆ ಬಂದ ನೇಕಾರರೊಬ್ಬರು ಒಂದು ಫಿಸಿಯೋಥೆರಪಿ ಕೇಂದ್ರದಲ್ಲಿ ಇಪ್ಪತ್ತು ದಿನ 'ಕರೆಂಟ್' ಕೊಡಿಸಿಕೊಂಡಿದ್ದರು. "ಮಷೀನ್ ಹಚ್ಚಿದಾಗ ಹಿತ ಅನಸ್ತದ್ರಿ ಹಕೀಮ್ ಸಾಹೇಬ್ರ, ಮಗ್ಗಕ್ಕ ಕುಂತ್ರ ಮತ್ತ ಅದ ನೋವು" ಎಂದರು. ಹಾಸಿಗೆ ಬಿಟ್ಟು ಏಳಬೇಡಿ ಎಂದೂ ಅವರಿಗೆ ಹೇಳಿದ್ದರು. ಒಂದು ವ್ಯಾಯಾಮವನ್ನೂ ಕಲಿಸಿರಲಿಲ್ಲ. ಮಗ್ಗ ನಿಂತು ಇಪ್ಪತ್ತು ದಿನವೆಂದರೆ ಆ ಮನೆಯ ಸಂಪಾದನೆಯೂ ಅಷ್ಟೇ ದಿನ ನಿಂತಿತ್ತು.

ಚಿಕಿತ್ಸೆ ಕೊಟ್ಟವರು ಹೊಸಬರಲ್ಲ, ಹದಿನೆಂಟು ವರ್ಷ ಪಳಗಿದವರು. ತೊಡಕು ಇರುವುದೂ ಅಲ್ಲೇ. ಅವರು ಓದುವಾಗ ಕಲಿತದ್ದನ್ನೇ ಇಂದಿಗೂ ಮಾಡುತ್ತಿದ್ದಾರೆ. ಈ ನಡುವೆ ವಿದ್ಯೆ ಮುಂದೆ ಹೋಗಿದೆ. ಸಾಮಾನ್ಯ ಸೊಂಟನೋವಿಗೆ ಅಲ್ಟ್ರಾಸೌಂಡ್ ಶಾಖ, ಟೆನ್ಸ್ ಕರೆಂಟ್, ಟ್ರ್ಯಾಕ್ಷನ್ ಕೊಡಬೇಡಿ, ವ್ಯಾಯಾಮ ಮಾಡಿಸಿ, ನಿತ್ಯದ ಕೆಲಸ ಬಿಡಿಸಬೇಡಿ ಎಂದು ಬ್ರಿಟನ್ನಿನ ನೈಸ್ ಸಂಸ್ಥೆ 2016ರಲ್ಲೇ ಹೇಳಿತು. ಲಕ್ವಾ ಹೊಡೆದವರ ವಿಷಯದಲ್ಲೂ ಹೀಗೇ. ಎಷ್ಟು ಬೇಗ, ಎಷ್ಟು ಹೆಚ್ಚು ಎಬ್ಬಿಸಿ ನಡೆಸಿದರೆ ಅಷ್ಟು ಒಳ್ಳೆಯದೆಂಬ ನಂಬಿಕೆಯಿತ್ತು. ಎರಡು ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅವರ್ಟ್ ಅಧ್ಯಯನ ಬೇರೆಯದನ್ನೇ ತೋರಿಸಿತು: ಮೊದಲ 24 ಗಂಟೆಯಲ್ಲೇ ಶುರುಮಾಡಿ ಅತಿಯಾಗಿ ಎಬ್ಬಿಸಿದವರಲ್ಲಿ ಚೇತರಿಕೆ ಕಡಿಮೆಯೇ ಆಗಿತ್ತು.

ಬೇರೆಯವರ ತಪ್ಪು ಹೇಳುವ ಮೊದಲು ನನ್ನದನ್ನೂ ಒಪ್ಪಿಕೊಳ್ಳಬೇಕು. ಯುನಾನಿಯಲ್ಲಿ ದಲಕ್ ಎಂಬ ಮಾಲೀಶು, ರಿಯಾಝತ್ ಎಂಬ ವ್ಯಾಯಾಮ ಎರಡೂ ಇವೆ. ನಾನು ವರ್ಷಗಟ್ಟಲೆ ಮಾಲೀಶು ಮಾಡಿಸಿ "ಆರಾಮ ಮಾಡಿ" ಎಂದು ಕಳಿಸುತ್ತಿದ್ದೆ. ರಿಯಾಝತ್ ಪುಸ್ತಕದಲ್ಲೇ ಉಳಿದಿತ್ತು.

ಅಲೋಪಥಿ ವೈದ್ಯರಿಗೆ ಐದು ವರ್ಷಕ್ಕೆ 30 ಗಂಟೆಯ ಮುಂದುವರಿದ ಕಲಿಕೆ ಬೇಕೆಂದು 2002ರ ನಿಯಮಾವಳಿ ಹೇಳುತ್ತದೆ. ಬ್ರಿಟನ್ನಿನಲ್ಲಿ ಫಿಸಿಯೋಥೆರಪಿಸ್ಟರು ಎರಡು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು, ಕಲಿಕೆ ಮುಂದುವರಿಸಿರುವುದಾಗಿ ಘೋಷಿಸಬೇಕು. ನಮ್ಮಲ್ಲಿ ಈ ವೃತ್ತಿಗೆ ರಾಷ್ಟ್ರಮಟ್ಟದ ಆಯೋಗ ರಚಿಸುವ ಕಾಯ್ದೆ ಬಂದದ್ದೇ 2021ರಲ್ಲಿ.

ಆದರೆ ಅನುಭವಿಗಳನ್ನು ಸಭಾಂಗಣದಲ್ಲಿ ಕೂರಿಸಿ ಮೊದಲ ವರ್ಷದ ಪಾಠ ಒಪ್ಪಿಸಿದರೆ ಪ್ರಯೋಜನವಿಲ್ಲ. ಸರ್ಟಿಫಿಕೇಟ್ ಗೋಡೆಗೆ ಸೇರುತ್ತದೆ, ಅಷ್ಟೇ. ಗುಣವಾಗದ ತಮ್ಮ ರೋಗಿಗಳ ಕಥೆಯನ್ನು ಸಹೋದ್ಯೋಗಿಗಳ ಮುಂದಿಟ್ಟು ಚರ್ಚಿಸುವ ಕಲಿಕೆ ಅವರಿಗೆ ಬೇಕು. ಇಲ್ಲಿಯ ಬದುಕಿನ ಪಾಠವೂ ಬೇಕು: ಮಗ್ಗದ ಕೂರುವಿಕೆ, ನೆಲದ ಮೇಲೆ ರೊಟ್ಟಿ ಬಡಿಯುವುದು, ನಮಾಝಿನ ಸಜ್ದಾ. ಮೊಣಕಾಲು ನೋವೆಂದ ಎಷ್ಟೋ ತಾಯಂದಿರಿಗೆ "ಇನ್ನು ಕುರ್ಚಿಯೇ ಗತಿ" ಎಂದುಬಿಡುತ್ತಾರೆ. ತೊಡೆಯ ಸ್ನಾಯು ಬಲಪಡಿಸಿದರೆ ಅವರಲ್ಲಿ ಕೆಲವರಾದರೂ ಮತ್ತೆ ನೆಲದ ಮೇಲೆ ಕೂರಬಲ್ಲರು. ಅದನ್ನು ಪರೀಕ್ಷಿಸಿ ನೋಡುವ ತಾಳ್ಮೆ ಬೇಕು.

ನೀವೂ ಕೇಳಿ: ಮನೆಯಲ್ಲಿ ಮಾಡಲು ಯಾವ ವ್ಯಾಯಾಮ? ಎಷ್ಟು ದಿನದಲ್ಲಿ ಏನು ಬದಲಾಗಬೇಕು, ಬದಲಾಗದಿದ್ದರೆ ಮುಂದೇನು? ಸೊಂಟನೋವಿನ ಜೊತೆ ತೊಡೆಸಂದು ಮರಗಟ್ಟಿದರೆ, ಮೂತ್ರ ಕಟ್ಟಿದರೆ ಅಥವಾ ಹತೋಟಿ ತಪ್ಪಿದರೆ ಮಾತ್ರ ಯಾರನ್ನೂ ಕೇಳುತ್ತ ಕೂರದೆ ದೊಡ್ಡ ಆಸ್ಪತ್ರೆಗೆ ಹೋಗಿ.

ಆ ನೇಕಾರರನ್ನು ನಾನು ಇನ್ನೊಬ್ಬ ಫಿಸಿಯೋಥೆರಪಿಸ್ಟರ ಬಳಿ ಕಳಿಸಿದೆ. ಅವರು ಯಂತ್ರ ಮುಟ್ಟಲಿಲ್ಲ, ಮಗ್ಗದಲ್ಲಿ ಹೇಗೆ ಕೂರುತ್ತೀರಿ ತೋರಿಸಿ ಎಂದರು. ಈಗ ನಮ್ಮ ನೇಕಾರರು ಅರ್ಧ ಗಂಟೆಗೊಮ್ಮೆ ಕುಣಿಯಿಂದ ಎದ್ದು ಬೆನ್ನು ಹಿಂದಕ್ಕೆ ಬಾಗಿಸುತ್ತಾರೆ. ನೋವು ಪೂರ್ತಿ ಹೋಗಿಲ್ಲ. ಸೀರೆ ಇಳಿಯುತ್ತಿದೆ.